ಸತ್ತ ದಿನ ‘ಗುಡ್’ ಹೇಗಾಗುತ್ತೆ? – ಮಕ್ಕಳಿಗೆ ಶಿಲುಬೆಯ ಅರ್ಥ ಹೇಳುವಾಗ

ಮಾರ್ಚ್ ಬಂತೆಂದರೆ ಬೇ ಏರಿಯಾದ ಅಂಗಡಿಗಳಲ್ಲಿ ಬಣ್ಣದ ಪ್ಲಾಸ್ಟಿಕ್ ಮೊಟ್ಟೆಗಳೂ ಚಾಕೊಲೇಟ್ ಮೊಲಗಳೂ ರಾಶಿ ಬೀಳುತ್ತವೆ. ಯುಗಾದಿಗೆ ಬೇವಿನ ಹೂವು ಎಲ್ಲಿ ಸಿಗುತ್ತದೆ ಎಂದು ವಾಟ್ಸಾಪ್ ಗುಂಪಿನಲ್ಲಿ ವಿಚಾರಿಸುವ ನಾವೇ ಕೆಲವು ದಿನಗಳ ನಂತರ ಮಕ್ಕಳ ಕೈಗೆ ಬುಟ್ಟಿ ಕೊಟ್ಟು ಪಾರ್ಕಿನ ಎಗ್ ಹಂಟ್‌ಗೆ ಕರೆದುಕೊಂಡು ಹೋಗುತ್ತೇವೆ. ಈಸ್ಟರ್ ಎಂದರೆ ಮೊಟ್ಟೆ, ಮೊಲ, ಕ್ಯಾಂಡಿ. ಇಲ್ಲಿಯವರೆಗೆ ಎಲ್ಲ ಸರಳ.

ತೊಡಕು ಶುರುವಾಗುವುದು ಆ ಭಾನುವಾರಕ್ಕಿಂತ ಎರಡು ದಿನ ಮೊದಲು ಬರುವ ಶುಕ್ರವಾರದಿಂದ. ಗೆಳತಿಯ ಕುತ್ತಿಗೆಯ ಸರದಲ್ಲಿ, ಕ್ಯಾಥೊಲಿಕ್ ಗೆಳೆಯನ ಮನೆಯ ಗೋಡೆಯ ಮೇಲೆ, ರಸ್ತೆ ಬದಿಯ ಚರ್ಚಿನ ತುದಿಯಲ್ಲಿ ಮಕ್ಕಳು ಶಿಲುಬೆಯನ್ನು ದಿನವೂ ನೋಡುತ್ತಾರೆ. ಒಂದು ದಿನ ಪ್ರಶ್ನೆ ಬಂದೇ ಬರುತ್ತದೆ. ಅವರನ್ನ ಯಾಕೆ ಹಾಗೆ ಮೊಳೆ ಹೊಡೆದರು? ದೇವರಾಗಿದ್ದರೆ ಯಾಕೆ ತಪ್ಪಿಸಿಕೊಳ್ಳಲಿಲ್ಲ? ಸತ್ತ ದಿನ ‘ಗುಡ್’ ಹೇಗಾಗುತ್ತೆ?

ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಒಂದು: “ಅದು ಅವರ ದೇವರು ಪುಟ್ಟಾ, ನಮಗ್ಯಾಕೆ?” ಇನ್ನೊಂದು: “ಎಲ್ಲ ದೇವರೂ ಒಂದೇ ಕಣೋ.” ಮೊದಲನೆಯದು ಒರಟು, ಎರಡನೆಯದು ಉದಾರ ಎಂದು ನಮಗೆ ಅನ್ನಿಸುತ್ತದೆ. ಆದರೆ ಎರಡೂ ಮಾಡುವ ಕೆಲಸ ಒಂದೇ. ಇದರಲ್ಲಿ ತಿಳಿದುಕೊಳ್ಳುವಂಥದ್ದು ಏನೂ ಇಲ್ಲ ಎಂದು ಹೇಳಿ ಮಾತು ಮುಗಿಸುತ್ತವೆ.

ಮಾತು ಅಲ್ಲಿಗೇ ಮುಗಿಯಬಾರದು ಎನ್ನಲು ನನಗೆ ಒಂದು ಕಾರಣವಿದೆ. 2005-06ರಲ್ಲಿ, ಮತ್ತೆ ಹತ್ತು ವರ್ಷಗಳ ನಂತರ, ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಹಿಂದೂ ಧರ್ಮವನ್ನು ಹೇಗೆ ಕಲಿಸಬೇಕು ಎಂಬ ಬಗ್ಗೆ ದೊಡ್ಡ ಚರ್ಚೆ ನಡೆಯಿತು. ಅನೇಕ ಭಾರತೀಯ ಪೋಷಕರು ಸ್ಯಾಕ್ರಮೆಂಟೊವರೆಗೆ ಹೋಗಿ ಮಾತಾಡಿದರು. ವಾದಗಳು ನಾನಾ ಥರ ಇದ್ದವು. ಆದರೆ ಬಹಳಷ್ಟು ಮಂದಿಯ ಕೋರಿಕೆ ಸರಳವಾಗಿತ್ತು: ನಮ್ಮ ನಂಬಿಕೆಯನ್ನು, ಅದನ್ನು ನಂಬುವವರಿಗೆ ಗುರುತು ಸಿಗುವ ಹಾಗೆ ಹೇಳಿ. ಇದೇ ರಾಜ್ಯದ ಆರನೇ ತರಗತಿಯ ಚರಿತ್ರೆಯಲ್ಲಿ ಪ್ರಾಚೀನ ಭಾರತದ ಜೊತೆ ಯಹೂದಿ ಧರ್ಮ, ಕ್ರೈಸ್ತ ಧರ್ಮದ ಹುಟ್ಟೂ ಬರುತ್ತದೆ. ನಾವು ಕೇಳಿದ ಮರ್ಯಾದೆಯನ್ನು ನಮ್ಮ ಮನೆಯ ಊಟದ ಮೇಜಿನ ಮೇಲೆ ಇನ್ನೊಬ್ಬರಿಗೂ ಕೊಡಬೇಕಲ್ಲವೇ?

ಮೊದಲು ನಡೆದದ್ದೇನು

ಸಂಶೋಧನೆಗೆ ಕಾಲಿಟ್ಟಾಗ ನಮಗೆ ಮೊದಲು ಕಲಿಸಿದ್ದು, ಡೇಟಾ ಬೇರೆ, ಅದರ ವ್ಯಾಖ್ಯಾನ ಬೇರೆ ಎಂದು. ಇಲ್ಲೂ ಅದೇ ಕ್ರಮ ಒಳ್ಳೆಯದು. ಚರಿತ್ರೆಯಲ್ಲಿ ನಡೆದದ್ದನ್ನು ಮೊದಲು ಹೇಳೋಣ, ನಂಬಿಕೆ ಅದರಲ್ಲಿ ಕಾಣುವ ಅರ್ಥವನ್ನು ಆಮೇಲೆ.

ಶಿಲುಬೆ ಮೊದಲಿಗೆ ಧಾರ್ಮಿಕ ಚಿಹ್ನೆಯಾಗಿರಲಿಲ್ಲ. ಅದು ರೋಮನ್ ಸಾಮ್ರಾಜ್ಯದ ಮರಣದಂಡನೆಯ ಉಪಕರಣ. ಗುಲಾಮರಿಗೆ, ದರೋಡೆಕೋರರಿಗೆ, ದಂಗೆ ಎದ್ದವರಿಗೆ ಮೀಸಲಾದ ಶಿಕ್ಷೆ. ರೋಮನ್ ನಾಗರಿಕರಿಗೆ ಅದನ್ನು ಸಾಮಾನ್ಯವಾಗಿ ಕೊಡುತ್ತಿರಲಿಲ್ಲ. ಕ್ರಿಸ್ತಪೂರ್ವ 71ರಲ್ಲಿ ಸ್ಪಾರ್ಟಕಸ್ ಎಂಬ ಗುಲಾಮನ ದಂಗೆಯನ್ನು ಹತ್ತಿಕ್ಕಿದ ಮೇಲೆ ಸುಮಾರು 6,000 ಮಂದಿಯನ್ನು ಕಾಪುವಾದಿಂದ ರೋಮಿನವರೆಗಿನ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಿದರೆಂದು ಚರಿತ್ರಕಾರ ಅಪ್ಪಿಯನ್ ಬರೆದಿದ್ದಾನೆ. ಜನ ಓಡಾಡುವ ಕಡೆಯಲ್ಲೇ ನಿಲ್ಲಿಸುತ್ತಿದ್ದರು. ಸಾಯಿಸುವುದರ ಜೊತೆಗೆ ಮಾನ ತೆಗೆಯುವುದೂ, ನೋಡಿದವರನ್ನು ಹೆದರಿಸುವುದೂ ಅದರ ಉದ್ದೇಶ.

ಯೇಸು ಇಂಥ ಸಾವನ್ನು ಕಂಡದ್ದು ಕ್ರಿಸ್ತಶಕ 30 ಅಥವಾ 33ರ ಸುಮಾರಿಗೆ, ಜೆರುಸಲೇಮಿನಲ್ಲಿ. ಆಗ ಜುದೇಯ ಪ್ರಾಂತ್ಯದ ರೋಮನ್ ಅಧಿಕಾರಿ ಪೊಂತಿಯ ಪಿಲಾತ. ಎರಡನೇ ಶತಮಾನದ ಆರಂಭದಲ್ಲಿ ರೋಮಿನ ಚರಿತ್ರಕಾರ ಟ್ಯಾಸಿಟಸ್, ಕ್ರೈಸ್ತರ ಮೇಲೆ ಯಾವ ಒಲವೂ ಇಲ್ಲದವನು, ಈ ಮರಣದಂಡನೆಯನ್ನು ಪಿಲಾತನ ಹೆಸರಿನ ಸಮೇತ ದಾಖಲಿಸಿದ್ದಾನೆ. ಪಿಲಾತನ ಹೆಸರಿರುವ ಶಿಲಾಶಾಸನ 1961ರಲ್ಲಿ ಸಿಸೇರಿಯಾದಲ್ಲಿ ಸಿಕ್ಕಿತು. 1968ರಲ್ಲಿ ಜೆರುಸಲೇಮಿನ ಹೊರವಲಯದ ಸಮಾಧಿಯೊಂದರಲ್ಲಿ ಅದೇ ಶತಮಾನದ ಇನ್ನೊಬ್ಬ ಮನುಷ್ಯನ ಹಿಮ್ಮಡಿಯ ಮೂಳೆ ಸಿಕ್ಕಿತು. ಕಬ್ಬಿಣದ ಮೊಳೆ ಇನ್ನೂ ಅದರೊಳಗೇ ಇತ್ತು.

ಸುವಾರ್ತೆಗಳ ಪ್ರಕಾರ ಯೇಸುವಿನ ತಲೆಯ ಮೇಲೆ ಬರೆದು ಹಾಕಿದ ಆರೋಪ, ಇವನು ಯಹೂದ್ಯರ ಅರಸ ಎಂದು. ಅಂದರೆ ರೋಮಿನ ಕಣ್ಣಿನಲ್ಲಿ ಅದು ರಾಜದ್ರೋಹ. ಆ ಸ್ಥಳದ ಹೆಸರು ಗೊಲ್ಗೊಥಾ, ಅರ್ಥ ‘ಕಪಾಲದ ಜಾಗ’. ಅದು ಯಹೂದ್ಯರ ಪಾಸ್ಕ ಹಬ್ಬದ ಹುಣ್ಣಿಮೆಯ ಸಮಯ. ನಮ್ಮ ಲೆಕ್ಕದಲ್ಲಿ ಸಾಮಾನ್ಯವಾಗಿ ಚೈತ್ರದ ಹುಣ್ಣಿಮೆಯ ಆಸುಪಾಸು. ಈಸ್ಟರ್ ಪ್ರತಿ ವರ್ಷ ಬೇರೆ ಬೇರೆ ತಾರೀಕಿಗೆ ಬರುವುದು ಇದೇ ಕಾರಣಕ್ಕೆ: ವಸಂತದ ಸಮಹಗಲಿರುಳು ಕಳೆದು ಬರುವ ಮೊದಲ ಹುಣ್ಣಿಮೆಯ ನಂತರದ ಭಾನುವಾರ ಅದು. ಸೂರ್ಯ ಚಂದ್ರ ಇಬ್ಬರನ್ನೂ ನೋಡಿ ಹಬ್ಬ ಹಿಡಿಯುವ ಪಂಚಾಂಗದ ಬುದ್ಧಿ ನಮ್ಮೊಬ್ಬರದೇ ಅಲ್ಲ ಎಂದು ಗೊತ್ತಾದಾಗ ಮಕ್ಕಳಿಗೆ ಖುಷಿಯಾಗುತ್ತದೆ.

ಇಷ್ಟು ಚರಿತ್ರೆ. ಸಾವಿರಾರು ಜನರಿಗೆ ಆದ ಶಿಕ್ಷೆ ಇವರೊಬ್ಬರ ವಿಷಯದಲ್ಲಿ ಮಾತ್ರ ಪೂಜೆಯ ಚಿಹ್ನೆ ಆದದ್ದು ಹೇಗೆ? ಆ ಕಾಲದವರಿಗೂ ಇದು ಒಗಟಾಗಿತ್ತು. ರೋಮಿನ ಪಾಲಟೈನ್ ಬೆಟ್ಟದ ಒಂದು ಗೋಡೆಯ ಮೇಲೆ ಸುಮಾರು ಕ್ರಿಸ್ತಶಕ 200ರ ಕಾಲದ ಗೀಚು ಚಿತ್ರವೊಂದಿದೆ. ಕತ್ತೆಯ ತಲೆಯ ಮನುಷ್ಯನೊಬ್ಬ ಶಿಲುಬೆಯ ಮೇಲಿದ್ದಾನೆ, ಕೆಳಗೆ ಅಲೆಕ್ಸಾಮೆನೊಸ್ ಎಂಬವನು ಅದಕ್ಕೆ ಕೈಯೆತ್ತಿ ನಿಂತಿದ್ದಾನೆ. ನೋಡಿ ಇವನ ದೇವರನ್ನು ಎಂಬ ಗೇಲಿ. ಇಂದು ನಮ್ಮ ಮಕ್ಕಳ ಲಂಚ್ ಬಾಕ್ಸಿನ ಸಾರನ್ನ ನೋಡಿ ಮೂಗು ಮುರಿಯುವವರ ಹಾಗೆ, ಅಂದು ಇನ್ನೊಬ್ಬರ ಶ್ರದ್ಧೆಯನ್ನು ನೋಡಿ ನಕ್ಕವರಿದ್ದರು.

ಪಾಪ ಅವರದು, ಪ್ರಾಯಶ್ಚಿತ್ತ ಯಾರದು?

“ನಮ್ಮ ಪಾಪಗಳಿಗಾಗಿ ಸತ್ತರು” – ಕ್ರೈಸ್ತ ಗೆಳೆಯರನ್ನು ಕೇಳಿದರೆ ಬರುವ ಮೊದಲ ಉತ್ತರ ಇದು. ನಮ್ಮ ಮನೆಗಳಲ್ಲಿ ಬೆಳೆದವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಾಡಿದ್ದುಣ್ಣೋ ಮಹರಾಯ ಎಂದು ಕೇಳಿ ಬೆಳೆದವರು ನಾವು. ನನ್ನ ಪಾಪ ನನ್ನ ಲೆಕ್ಕ; ಅದನ್ನು ಇನ್ನೊಬ್ಬರು, ಅದೂ ಎರಡು ಸಾವಿರ ವರ್ಷಗಳ ಹಿಂದಿನವರು, ತೀರಿಸುವುದು ಹೇಗೆ?

ಇಲ್ಲಿ ಭಾಷೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಕನ್ನಡದ ಕ್ರೈಸ್ತ ಬರಹಗಳಲ್ಲಿ ಪಾಪ, ಪ್ರಾಯಶ್ಚಿತ್ತ, ಬಲಿ, ರಕ್ಷಣೆ ಎಲ್ಲ ನಮಗೆ ಪರಿಚಿತ ಪದಗಳೇ. ಆದರೆ ಒಳಗಿನ ಅರ್ಥ ಸರಿದಿದೆ. ನಮ್ಮ ಪ್ರಾಯಶ್ಚಿತ್ತ ತಪ್ಪು ಮಾಡಿದವನೇ ಮಾಡಿಕೊಳ್ಳಬೇಕಾದ ಕೆಲಸ. ಕ್ರೈಸ್ತರ ಮಾತಿನಲ್ಲಿ ಅದನ್ನು ಮಾಡುವವರು ದೇವರು. ನಮ್ಮಲ್ಲಿ ಪಾಪ ಮುಖ್ಯವಾಗಿ ಮಾಡಿದ ಕೆಲಸ ಮತ್ತು ಅದರ ಫಲ. ಅವರಲ್ಲಿ ಅದು ಅದಕ್ಕೂ ಮೊದಲು ಮುರಿದ ಸಂಬಂಧ: ಮನುಷ್ಯ ದೇವರಿಗೆ ಬೆನ್ನು ತಿರುಗಿಸಿದ ಸ್ಥಿತಿ. ಆ ಸಂಬಂಧವನ್ನು ಮನುಷ್ಯ ತನ್ನ ಶಕ್ತಿಯಿಂದ ಜೋಡಿಸಲಾರ, ಆದ್ದರಿಂದ ದೇವರೇ ಇಳಿದು ಬಂದು ಜೋಡಿಸಿದರು ಎಂಬುದು ಅವರ ನಂಬಿಕೆಯ ತಿರುಳು.

ದೊಡ್ಡ ಮಕ್ಕಳಿಗೆ ಈ ವ್ಯತ್ಯಾಸವನ್ನು ನೇರವಾಗಿ ಹೇಳಬಹುದು. ಎರಡೂ ಒಂದೇ ಎಂದು ಒತ್ತಿ ಕೂರಿಸುವ ಅಗತ್ಯವಿಲ್ಲ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದು ತಮಾಷೆ ಮಾಡುವ ಅಗತ್ಯವೂ ಇಲ್ಲ. ಚಿಕ್ಕವರಿಗೆ? ಅವರಿಗೆ ಕಥೆ ಬೇಕು. ನಮ್ಮ ಹತ್ತಿರ ಕಥೆಗಳಿವೆ.

ನಮ್ಮ ಮೂರು ಕಥೆಗಳು

ಶಿಲುಬೆಯ ಸಾವು ಮನುಷ್ಯರನ್ನು ಹೇಗೆ ಉಳಿಸಿತು ಎಂಬುದಕ್ಕೆ ಕ್ರೈಸ್ತರಲ್ಲೇ ಒಂದು ವಿವರಣೆ ಇಲ್ಲ. ‘ನಮಗಾಗಿ’ ಎಂದು ನಿಸೀಯಾದ ವಿಶ್ವಾಸ ಪ್ರಮಾಣ ಹೇಳುತ್ತದೆ. ಹೇಗೆ ಎಂದು ಹೇಳುವುದಿಲ್ಲ. ಇಪ್ಪತ್ತು ಶತಮಾನಗಳಲ್ಲಿ ಮೂರು ದೊಡ್ಡ ದಾರಿಗಳು ಬೆಳೆದವು. ನಮ್ಮ ಮಕ್ಕಳಿಗೆ ಗೊತ್ತಿರುವ ಮೂರು ಕಥೆಗಳು ಆ ಮೂರರ ಬಾಗಿಲವರೆಗೆ ಕರೆದುಕೊಂಡು ಹೋಗುತ್ತವೆ. ಬಾಗಿಲವರೆಗೆ ಮಾತ್ರ, ಒಳಗೆ ಹೋದ ಮೇಲೆ ವ್ಯತ್ಯಾಸ ಕಾಣಬೇಕು.

ಮೊದಲನೆಯದು ನೀಲಕಂಠನ ಕಥೆ. ಸಮುದ್ರ ಮಥನದಲ್ಲಿ ಹಾಲಾಹಲ ಉಕ್ಕಿತು, ಲೋಕವೆಲ್ಲ ಸಾಯುವ ಹಾಗಾಯಿತು, ಶಿವ ಅದನ್ನು ತಾನೇ ಕುಡಿದ. ಇತರರಿಗೆ ಆಗಬೇಕಿದ್ದ ಕೇಡನ್ನು ಒಬ್ಬ ತನ್ನ ಮೈಮೇಲೆ ತೆಗೆದುಕೊಂಡ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ 1098ರ ಸುಮಾರಿಗೆ ಮನುಷ್ಯರು ತೀರಿಸಲಾಗದ ಋಣವನ್ನು ಕ್ರಿಸ್ತನೇ ತೀರಿಸಿದ ಎಂದು ವಾದಿಸಿದ. 16ನೇ ಶತಮಾನದ ಸುಧಾರಕರು ಅದನ್ನು ನಮಗೆ ಬರಬೇಕಿದ್ದ ಶಿಕ್ಷೆಯನ್ನು ಅವರು ಹೊತ್ತರು ಎಂದು ಬೆಳೆಸಿದರು. ಅಮೆರಿಕದ ಹೆಚ್ಚಿನ ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಮಕ್ಕಳು ಕೇಳುವುದು ಇದನ್ನೇ. ವ್ಯತ್ಯಾಸ ಎಲ್ಲಿ? ಶಿವನ ಕಂಠದಲ್ಲಿ ವಿಷ ನಿಂತಿತು. ಅವನು ಸಾಯಲಿಲ್ಲ, ಅವನ ಮಾನ ಹೋಗಲಿಲ್ಲ. ಇಲ್ಲಿ ಎರಡೂ ಆಯಿತು. “ಹಾಗಾದರೆ ತಪ್ಪು ಮಾಡದ ಮಗನಿಗೆ ಅಪ್ಪ ಶಿಕ್ಷೆ ಕೊಟ್ಟದ್ದು ಸರಿನಾ?” ಎಂದು ಚುರುಕಾದ ಮಗು ಕೇಳಬಹುದು. ಈ ಪ್ರಶ್ನೆಯನ್ನು ಕ್ರೈಸ್ತ ಚಿಂತಕರೇ ಕೇಳಿಕೊಂಡಿದ್ದಾರೆ. ಅವರ ಉತ್ತರ: ಶಿಲುಬೆಯ ಮೇಲಿದ್ದವರು ಮೂರನೆಯವರಲ್ಲ, ದೇವರೇ, ಆದ್ದರಿಂದ ಇದು ಇನ್ನೊಬ್ಬರನ್ನು ಬಲಿ ಕೊಟ್ಟದ್ದಲ್ಲ, ತಮ್ಮನ್ನೇ ಕೊಟ್ಟುಕೊಂಡದ್ದು.

ಎರಡನೆಯದು ಪುಣ್ಯಕೋಟಿ. ಕರುವಿಗೆ ಹಾಲು ಕೊಟ್ಟು, ಕೊಟ್ಟ ಮಾತಿನಂತೆ ಹುಲಿಯ ಮುಂದೆ ಬಂದು ನಿಂತ ಹಸು. ಆ ಸತ್ಯವನ್ನು ಕಂಡು ಹುಲಿಯ ಮನಸ್ಸೇ ಕರಗಿತು. 12ನೇ ಶತಮಾನದ ಫ್ರಾನ್ಸಿನ ಚಿಂತಕ ಅಬೆಲಾರ್ಡ್ ಒತ್ತಿ ಹೇಳಿದ್ದು ಇದಕ್ಕೆ ಹತ್ತಿರ: ಶಿಲುಬೆ ದೇವರ ಮನಸ್ಸನ್ನು ಬದಲಿಸುವುದಿಲ್ಲ, ಅಷ್ಟು ದೊಡ್ಡ ಪ್ರೀತಿಯನ್ನು ಕಂಡ ಮನುಷ್ಯನ ಮನಸ್ಸನ್ನು ಬದಲಿಸುತ್ತದೆ. ತಮ್ಮನ್ನು ಕೊಲ್ಲುತ್ತಿದ್ದವರನ್ನು ಕ್ಷಮಿಸೆಂದು ಯೇಸು ಪ್ರಾರ್ಥಿಸಿದ್ದು ಈ ದಾರಿಯ ಹೃದಯ. ವ್ಯತ್ಯಾಸ? ಪುಣ್ಯಕೋಟಿ ಬದುಕಿ ಮನೆಗೆ ಹೋಯಿತು, ಸತ್ತದ್ದು ಹುಲಿ. ಗೊಲ್ಗೊಥಾದಲ್ಲಿ ಹುಲಿಗಳು ಬದುಕಿದವು.

ಮೂರನೆಯದು ಮಾರ್ಕಂಡೇಯ. ಯಮನ ಪಾಶ ಹುಡುಗನ ಕುತ್ತಿಗೆಗೆ ಬಿದ್ದಾಗ ಶಿವ ಲಿಂಗದಿಂದ ಹೊರಬಂದು ಯಮನನ್ನೇ ಒದ್ದ. ಸಾವು ಸೋತಿತು. ಮೊದಲ ಶತಮಾನಗಳ ಚರ್ಚ್ ಶಿಲುಬೆಯನ್ನು ಹೀಗೇ ನೋಡಿತು. ಗ್ರೀಕ್, ರಷ್ಯನ್ ಮೊದಲಾದ ಆರ್ಥೊಡಾಕ್ಸ್ ಚರ್ಚುಗಳು ಇಂದಿಗೂ ಈಸ್ಟರ್ ರಾತ್ರಿ ಸಾವಿನ ಮೇಲಿನ ಜಯವನ್ನೇ ಹಾಡುತ್ತವೆ. ಶುಕ್ರವಾರಕ್ಕೆ ಅರ್ಥ ಬರುವುದು ಭಾನುವಾರದಿಂದ. ಸತ್ತವರು ಮತ್ತೆ ಎದ್ದರು ಎಂಬ ನಂಬಿಕೆ ಇಲ್ಲದಿದ್ದರೆ ಅದು ಇನ್ನೊಂದು ಅನ್ಯಾಯದ ಸಾವಾಗಿ ಮರೆತುಹೋಗುತ್ತಿತ್ತು. ವ್ಯತ್ಯಾಸ? ಶಿವ ಹೊರಗಿನಿಂದ ಬಂದು ಯಮನನ್ನು ತಡೆದ. ಇಲ್ಲಿ ದೇವರು ಸಾವನ್ನು ತಡೆಯಲಿಲ್ಲ, ಅದರ ಒಳಗೇ ಹೋದರು.

ಮೂರು ವ್ಯತ್ಯಾಸಗಳನ್ನೂ ಒಟ್ಟಿಗೆ ಇಟ್ಟು ನೋಡಿ. ಮಾನ ಹೋಯಿತು, ಬಿಡುಗಡೆ ಸಿಗಲಿಲ್ಲ, ಸಾವನ್ನು ತಡೆಯಲಿಲ್ಲ. ಕ್ರೈಸ್ತ ನಂಬಿಕೆ ಹೇಳುವ ವಿಶೇಷ ಮಾತು ಇಲ್ಲೇ ಇದೆ. ದೇವರನ್ನು ಹುಡುಕಬೇಕಾದ್ದು ಸಿಂಹಾಸನದಲ್ಲಿ ಅಷ್ಟೇ ಅಲ್ಲ. ಎಲ್ಲರೂ ಕೈಬಿಟ್ಟ, ಊರ ಹೊರಗೆ ಶಿಕ್ಷೆ ಅನುಭವಿಸುವ ಒಬ್ಬ ಮನುಷ್ಯನಲ್ಲಿ. ಆದ್ದರಿಂದಲೇ ಆಸ್ಪತ್ರೆಯ ಹಾಸಿಗೆಯಲ್ಲಿ, ಜೈಲಿನಲ್ಲಿ, ಮಗುವನ್ನು ಕಳೆದುಕೊಂಡ ಮನೆಯಲ್ಲಿ ಕ್ರೈಸ್ತರು ಶಿಲುಬೆಯನ್ನು ಹಿಡಿದುಕೊಳ್ಳುತ್ತಾರೆ. ನಿನ್ನ ಕಷ್ಟವನ್ನು ಮಾಯ ಮಾಡುತ್ತೇನೆ ಎಂಬ ಮಾತು ಅವರಿಗೆ ಅದರಲ್ಲಿ ಕೇಳಿಸುವುದಿಲ್ಲ. ನಾನೂ ಅಲ್ಲಿದ್ದೆ, ಈಗಲೂ ನಿನ್ನ ಜೊತೆ ಇದ್ದೇನೆ ಎಂಬುದು ಕೇಳಿಸುತ್ತದೆ. ಅಂಥ ಶುಕ್ರವಾರವನ್ನು ಅವರು ‘ಗುಡ್’ ಎನ್ನುತ್ತಾರೆ. ಹಳೆಯ ಇಂಗ್ಲಿಷ್ ಬಳಕೆಯಲ್ಲಿ ಆ ಪದಕ್ಕೆ ‘ಪವಿತ್ರ’ ಎಂಬ ಅರ್ಥವೂ ಇತ್ತು. ಜರ್ಮನ್ನರು ಅದೇ ದಿನವನ್ನು ಶೋಕದ ಶುಕ್ರವಾರ ಎನ್ನುತ್ತಾರೆ.

ಹುಲಿ ಯಾರು?

ಪುಣ್ಯಕೋಟಿಯ ಹೋಲಿಕೆ ಹೇಳಿದಾಗ ನನ್ನ ಏಳು ವರ್ಷದ ಮಗಳು ಕೇಳಿದಳು: “ಹಾಗಾದ್ರೆ ಆ ಕಥೆಯಲ್ಲಿ ಹುಲಿ ಯಾರಮ್ಮಾ?”

ಕ್ರೈಸ್ತ ನಂಬಿಕೆಯ ಒಳಗಿನಿಂದ ಬರುವ ಉತ್ತರ: ನಾವೆಲ್ಲರೂ. ಹೆದರಿ ಓಡಿಹೋದ ಶಿಷ್ಯರು, ಕೈ ತೊಳೆದುಕೊಂಡ ಅಧಿಕಾರಿ, ಕೂಗಿದ ಗುಂಪು, ಸುಮ್ಮನೆ ನಿಂತು ನೋಡಿದವರು, ಎಲ್ಲರಲ್ಲೂ ತನ್ನನ್ನೇ ಕಾಣಬೇಕು ಎಂದು ಆ ದಿನದ ಪ್ರಾರ್ಥನೆಗಳು ಭಕ್ತರಿಗೆ ನೆನಪಿಸುತ್ತವೆ.

ಆದರೆ ಚರಿತ್ರೆಯಲ್ಲಿ ಎಷ್ಟೋ ಶತಮಾನ ಇನ್ನೊಂದು ಉತ್ತರ ಕೊಡಲಾಯಿತು: ಯಹೂದಿಗಳು. ಯೇಸು ಸ್ವತಃ ಯಹೂದಿ, ಅವರ ತಾಯಿ ಯಹೂದಿ, ಶಿಷ್ಯರು ಯಹೂದಿಗಳು, ಮೊಳೆ ಹೊಡೆದವರು ರೋಮನ್ ಸೈನಿಕರು. ಹೀಗಿದ್ದರೂ ಯುರೋಪಿನ ಅನೇಕ ಊರುಗಳಲ್ಲಿ ಈಸ್ಟರಿನ ವಾರ ಯಹೂದಿಗಳು ಬಾಗಿಲು ಭದ್ರಪಡಿಸಿ ಕೂರುವ ವಾರವಾಗಿತ್ತು. ಆ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯಹೂದಿಗಳ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದು ಎಂದು ಕ್ಯಾಥೊಲಿಕ್ ಚರ್ಚ್ ಅಧಿಕೃತವಾಗಿ ಸಾರಿದ್ದು 1965ರ ಅಕ್ಟೋಬರ್ 28ರಂದು, ಎರಡನೇ ವ್ಯಾಟಿಕನ್ ಪರಿಷತ್ತಿನಲ್ಲಿ. ನಮ್ಮ ಮಕ್ಕಳ ತರಗತಿಗಳಲ್ಲಿ ಯಹೂದಿ ಮಕ್ಕಳೂ ಇದ್ದಾರೆ. ಕಥೆ ಹೇಳುವಾಗ “ಯಹೂದಿಗಳು ಕೊಂದರು” ಎಂಬ ವಾಕ್ಯ ನಮ್ಮ ಬಾಯಿಂದ ಸಲೀಸಾಗಿ ಬಂದುಬಿಡಬಾರದು. ಮುಸ್ಲಿಂ ಗೆಳೆಯರಿಗೂ ಯೇಸು, ಅಂದರೆ ಈಸಾ, ಗೌರವದ ಪ್ರವಾದಿ. ಆದರೆ ಅವರನ್ನು ಶಿಲುಬೆಗೇರಿಸಲಿಲ್ಲ ಎಂಬುದು ಅವರಲ್ಲಿ ಹೆಚ್ಚಿನವರ ನಂಬಿಕೆ. ಒಂದೇ ಬೆಂಚಿನಲ್ಲಿ ಕೂತ ನಾಲ್ಕು ಮಕ್ಕಳ ಮನೆಗಳಲ್ಲಿ ಒಂದೇ ಘಟನೆಗೆ ನಾಲ್ಕು ಅರ್ಥಗಳಿರಬಹುದು.

ಬೇ ಏರಿಯಾದಲ್ಲಿ ಬೆಳೆಯುವ ಮಕ್ಕಳಿಗೆ ಇನ್ನೂ ಒಂದು ಅಧ್ಯಾಯವಿದೆ. ನಾಲ್ಕನೇ ತರಗತಿಯಲ್ಲಿ ಅವರು ಕ್ಯಾಲಿಫೋರ್ನಿಯಾದ ಮಿಷನ್‌ಗಳ ಬಗ್ಗೆ ಓದುತ್ತಾರೆ. 1769ರಿಂದ 1823ರ ಒಳಗೆ ಸ್ಪೇನಿನ ಫ್ರಾನ್ಸಿಸ್ಕನ್ ಪಾದ್ರಿಗಳು ಸ್ಯಾನ್ ಡಿಯೇಗೊದಿಂದ ಸೊನೋಮಾವರೆಗೆ 21 ಮಿಷನ್ ಕಟ್ಟಿದರು. ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಡೊಲೋರೆಸ್ 1776ರದು, ಸ್ಯಾಂಟಾ ಕ್ಲಾರಾದ್ದು 1777ರದು. ಕನ್ನಡದ ಮನೆಗಳು ಸಾಕಷ್ಟಿರುವ ಫ್ರೀಮಾಂಟಿನ ಮಿಷನ್ ಸ್ಯಾನ್ ಹೊಸೆ 1797ರದು. 1868ರ ಭೂಕಂಪದಲ್ಲಿ ಅದರ ಚರ್ಚ್ ನೆಲಸಮವಾಯಿತು, ಈಗ ಕಾಣುವುದು 1985ರಲ್ಲಿ ಮತ್ತೆ ಕಟ್ಟಿದ್ದು. ಇಲ್ಲಿನ ಮೂಲನಿವಾಸಿ ಒಲೋನಿ ಜನರ ಪಾಲಿಗೆ ಶಿಲುಬೆ ಬಂದದ್ದು ಸೈನಿಕರ ಜೊತೆ. ದೀಕ್ಷೆ ಪಡೆದವರು ಅನುಮತಿಯಿಲ್ಲದೆ ಮಿಷನ್ ಬಿಟ್ಟು ಹೋಗುವಂತಿರಲಿಲ್ಲ. ಓಡಿದವರನ್ನು ಹಿಡಿದು ತಂದು ಚಾಟಿಯಲ್ಲಿ ಹೊಡೆಯುತ್ತಿದ್ದರು. 1806ರಲ್ಲಿ ದಡಾರ ಬಂದು ಅಪಾರ ಜನ ಸತ್ತರು.

ಇದೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್ನೊಂದು ಶಿಲುಬೆಯೂ ಇದೆ. ನಗರದ ಅತಿ ಎತ್ತರದ ಗುಡ್ಡ ಮೌಂಟ್ ಡೇವಿಡ್‌ಸನ್ ಮೇಲೆ 1934ರಲ್ಲಿ ನಿಲ್ಲಿಸಿದ, 103 ಅಡಿ ಎತ್ತರದ ಕಾಂಕ್ರೀಟ್ ಶಿಲುಬೆ. ಸರ್ಕಾರದ ಜಾಗದಲ್ಲಿ ಧಾರ್ಮಿಕ ಚಿಹ್ನೆ ಇರಬಾರದೆಂದು ಮೊಕದ್ದಮೆ ನಡೆದು, 1997ರಲ್ಲಿ ನಗರ ಅದನ್ನು ಆರ್ಮೇನಿಯನ್ ಸಂಘಗಳಿಗೆ ಮಾರಿತು. ಈಗ ಅದು 1915ರಿಂದ ನಡೆದ ನರಮೇಧದಲ್ಲಿ ಸತ್ತ ಆರ್ಮೇನಿಯನ್ನರ ಸ್ಮಾರಕವೂ ಹೌದು. ಮಿಷನ್‌ನ ಶಿಲುಬೆ ಆಳುವವರ ಕೈಯಲ್ಲಿತ್ತು. ಗುಡ್ಡದ ಮೇಲಿನದು ಕೊಲೆಯಾದವರ ನೆನಪನ್ನು ಹೊತ್ತಿದೆ. ಯಾವುದು ಮೂಲಕ್ಕೆ ಹತ್ತಿರ ಎಂದು ಹದಿಹರೆಯದ ಮಕ್ಕಳನ್ನು ಕೇಳಿ. ಯೇಸು ಚಾಟಿ ಹಿಡಿದವರ ಕಡೆ ಇದ್ದರೋ, ಚಾಟಿಯೇಟು ತಿಂದವರ ಕಡೆಯೋ? ಅಮೆರಿಕದ ಕಪ್ಪು ಧರ್ಮಶಾಸ್ತ್ರಜ್ಞ ಜೇಮ್ಸ್ ಕೋನ್ 2011ರ ತಮ್ಮ ಪುಸ್ತಕದಲ್ಲಿ ಶಿಲುಬೆಯನ್ನೂ ಕಪ್ಪು ಜನರನ್ನು ನೇಣು ಹಾಕಿದ ಮರಗಳನ್ನೂ ಜೊತೆಗಿಟ್ಟು ನೋಡಿದ್ದು ಇದೇ ಪ್ರಶ್ನೆಯಿಂದ. ನಂಬಿಕೆಯನ್ನು ಗೌರವಿಸುವುದು, ಅದರ ಹೆಸರಲ್ಲಿ ನಡೆದದ್ದನ್ನು ಮುಚ್ಚಿಡದಿರುವುದು, ಎರಡನ್ನೂ ಒಟ್ಟಿಗೆ ಮಾಡಬಹುದು. ನಮ್ಮ ಧರ್ಮದ ಬಗ್ಗೆ ಮಾತಾಡುವಾಗಲೂ ಅದು ಬೇಕಾದ ಗುಣವೇ.

ಮಂಜೇಶ್ವರದಿಂದ ಗೊಲ್ಗೊಥಾ ನೋಡಿದವರು

ಇದೆಲ್ಲ ನಮಗೆ ಹೊರಗಿನ ವಿಷಯ ಎನ್ನುವವರಿಗೆ ಕನ್ನಡದಲ್ಲೇ ಉತ್ತರವಿದೆ. ಮೊದಲಿಗೆ, ಕನ್ನಡದ ಮನೆ ಎಂದರೆ ಹಿಂದೂ ಮನೆ ಎಂದಷ್ಟೇ ಅಲ್ಲ. ಬೆಂಗಳೂರು, ಮೈಸೂರು, ಧಾರವಾಡ, ಕರಾವಳಿಯಲ್ಲಿ ತಲೆಮಾರುಗಳಿಂದ ಕನ್ನಡದಲ್ಲೇ ಪ್ರಾರ್ಥಿಸುವ ಕ್ರೈಸ್ತರಿದ್ದಾರೆ; ಅವರ ಮಕ್ಕಳೂ ಇಲ್ಲಿ ನಮ್ಮ ಕನ್ನಡ ಕಲಿ ತರಗತಿಗಳಿಗೆ ಬರುತ್ತಾರೆ. ನಮ್ಮ ನಿಘಂಟಿನ ಕಿಟೆಲ್ 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಬದುಕನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದ್ದರು. ಅವರು ಮಿಷನರಿ, ಅದು ಅವರ ಕೆಲಸ ಎನ್ನಬಹುದು. ಆದರೆ ಮಂಜೇಶ್ವರದ ಗೋವಿಂದ ಪೈಗಳು?

ಗೋವಿಂದ ಪೈ (1883–1963) ಗೌಡ ಸಾರಸ್ವತ ಬ್ರಾಹ್ಮಣ ಮನೆತನದವರು, ಹತ್ತಾರು ಭಾಷೆ ಬಲ್ಲ ವಿದ್ವಾಂಸರು. 1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು. ಈಗ ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿರುವ ಮಂಜೇಶ್ವರದಲ್ಲಿ ಕೂತು ಅವರು ಬರೆದ ಖಂಡಕಾವ್ಯದ ಹೆಸರೇ ‘ಗೊಲ್ಗೊಥಾ’. ಅದರ ವಸ್ತು ಯೇಸುವಿನ ಕೊನೆಯ ದಿನ. ನಂತರ ಬುದ್ಧನ ಕೊನೆಯ ದಿನವನ್ನು ಕುರಿತು ‘ವೈಶಾಖಿ’ ಬರೆದರು. ಒಬ್ಬರದು ಪಾಸ್ಕದ ಹುಣ್ಣಿಮೆಯ ಹತ್ತಿರದ ಸಾವು, ಇನ್ನೊಬ್ಬರದು ವೈಶಾಖದ ಹುಣ್ಣಿಮೆಯದು.

ಪೈಗಳು ಕ್ರೈಸ್ತರಾಗಲಿಲ್ಲ. ಆಗದೆಯೂ ಒಬ್ಬ ಕವಿ ಇನ್ನೊಂದು ಧರ್ಮದ ಅತಿ ನೋವಿನ ಗಳಿಗೆಯನ್ನು ತನ್ನ ಭಾಷೆಯ ಅತ್ಯುತ್ತಮ ಶಕ್ತಿಯನ್ನೆಲ್ಲ ಹಾಕಿ ಬರೆಯಬಹುದು ಎಂದು ತೋರಿಸಿದರು. ಅವರ ಭಾಷೆಯಲ್ಲಿ ಹಳಗನ್ನಡದ ಬಿಗಿ ಇದೆ. ಮಕ್ಕಳಿಗಿರಲಿ, ನಮಗೂ ನಿಘಂಟು ಬೇಕಾಗುತ್ತದೆ. ಆದರೆ ಅಂಥದ್ದೊಂದು ಕಾವ್ಯ ಕನ್ನಡದಲ್ಲಿ ಇದೆ ಎಂದು ಮಕ್ಕಳಿಗೆ ಹೇಳುವುದಕ್ಕೆ ನಿಘಂಟು ಬೇಡ. ಕ್ರೈಸ್ತ ಗೆಳೆಯನ ಮುಂದೆ “ನಮ್ಮ ಭಾಷೆಯ ದೊಡ್ಡ ಕವಿಯೊಬ್ಬರು ಗುಡ್ ಫ್ರೈಡೇ ಬಗ್ಗೆ ಕಾವ್ಯವನ್ನೇ ಬರೆದಿದ್ದಾರೆ” ಎಂದು ನಮ್ಮ ಮಗು ಹೇಳಿದರೆ, ಇಬ್ಬರಿಗೂ ಹೆಮ್ಮೆ.

ವಯಸ್ಸಿಗೆ ತಕ್ಕ ಮಾತು

ಐದು ವರ್ಷದ ಒಳಗಿನವರಿಗೆ ಮೊಳೆ, ರಕ್ತದ ವಿವರ ಬೇಡ. “ಯೇಸು ಅಂತ ತುಂಬಾ ಒಳ್ಳೆಯವರಿದ್ದರು. ಅವರಿಗೆ ದೊಡ್ಡ ಅನ್ಯಾಯ ಆಯ್ತು. ಆದರೂ ಅವರು ಸೇಡು ತೀರಿಸಿಕೊಳ್ಳಲಿಲ್ಲ. ಅವರು ಮತ್ತೆ ಬದುಕಿ ಬಂದರು ಅಂತ ಅವರ ಭಕ್ತರು ನಂಬುತ್ತಾರೆ, ಅದಕ್ಕೇ ಭಾನುವಾರ ಹಬ್ಬ.” ಇಷ್ಟು ಸಾಕು.

ಆರರಿಂದ ಹತ್ತು ವರ್ಷದವರಿಗೆ ಮೇಲಿನ ಮೂರು ಕಥೆಗಳನ್ನು ಹೇಳಿ, “ಎಲ್ಲಿ ಒಂದೇ ಥರ ಇದೆ, ಎಲ್ಲಿ ಬೇರೆ?” ಎಂದು ಅವರನ್ನೇ ಕೇಳಿ. ಈ ವಯಸ್ಸಿನಲ್ಲಿ ಕೆಲವು ಮಕ್ಕಳು ಶಾಲೆಯಲ್ಲಿ “ಯೇಸುವನ್ನು ನಂಬದಿದ್ದರೆ ನರಕಕ್ಕೆ ಹೋಗ್ತೀಯ” ಎಂಬ ಮಾತು ಕೇಳಿ ಹೆದರಿ ಮನೆಗೆ ಬರುತ್ತಾರೆ. ಆಗ ಸಿಟ್ಟಿಗಿಂತ ಮೊದಲು ಮಗುವಿನ ಭಯ ಮುಖ್ಯ. “ಕೆಲವರು ಹಾಗೆ ನಂಬುತ್ತಾರೆ, ಎಲ್ಲ ಕ್ರೈಸ್ತರೂ ಅಲ್ಲ. ನಿನ್ನ ಗೆಳತಿಗೆ ನೀನು ಅಂದ್ರೆ ಇಷ್ಟ, ಅದಕ್ಕೇ ಹೇಳಿರಬಹುದು. ನಮ್ಮ ಮನೆಯಲ್ಲಿ ನಾವು ಹಾಗೆ ನಂಬುವುದಿಲ್ಲ, ನೀನು ಹೆದರಬೇಡ” ಎಂದು ಸಮಾಧಾನವಾಗಿ ಹೇಳಿ. ಹೆದರಿಸುವುದು ನಿಲ್ಲದಿದ್ದರೆ ಶಿಕ್ಷಕರೊಡನೆ ಮಾತಾಡಿ. ಸಾರ್ವಜನಿಕ ಶಾಲೆ ಧರ್ಮಗಳ ಬಗ್ಗೆ ಪಾಠ ಮಾಡಬಹುದು, ಯಾವ ನಂಬಿಕೆಯನ್ನೂ ಹೇರುವಂತಿಲ್ಲ.

ಹದಿಹರೆಯದವರ ಜೊತೆ ಕರ್ಮ ಮತ್ತು ಕೃಪೆಯ ವ್ಯತ್ಯಾಸ, ಮಿಷನ್‌ಗಳ ಚರಿತ್ರೆ, ‘ಹುಲಿ ಯಾರು’ ಎಂಬ ಪ್ರಶ್ನೆ ಎಲ್ಲವನ್ನೂ ಮಾತಾಡಬಹುದು. 2004ರ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ ಸಿನಿಮಾಕ್ಕೆ ಹಿಂಸೆಯ ಕಾರಣ ಇಲ್ಲಿ ಆರ್ ರೇಟಿಂಗ್ ಇದೆ. ಮಕ್ಕಳಿಗೆ ಅರ್ಥವಾಗಲಿ ಎಂದು ಅದನ್ನು ಹಾಕಿ ಕೂರಿಸಬೇಡಿ.

ಎರಡು ಸಣ್ಣ ಸೌಜನ್ಯಗಳು. ಒಂದು, ‘ಹ್ಯಾಪಿ ಗುಡ್ ಫ್ರೈಡೇ’ ಎಂಬ ಸಂದೇಶ ಕಳಿಸಬೇಡಿ. ನಮ್ಮ ಪರಿಚಯದ ಮಂಗಳೂರಿನ ಕ್ಯಾಥೊಲಿಕ್ ಆಂಟಿಯೊಬ್ಬರು ನಕ್ಕು ಹೇಳಿದ ಹಾಗೆ, “ಸಾವಿನ ಮನೆಗೆ ಬಂದು ಯಾರಾದ್ರೂ ಹ್ಯಾಪಿ ಅಂತಾರಾ ಮಾರಾಯ್ತಿ?” ಅವರಿಗೆ ಅದು ಉಪವಾಸದ ದಿನ, ಚರ್ಚಿನಲ್ಲಿ ಗಂಟೆಯೂ ಮೊಳಗುವುದಿಲ್ಲ. ಶುಭಾಶಯ ಭಾನುವಾರಕ್ಕೆ ಇರಲಿ. ಎರಡು, ಗೆಳೆಯರು ಕರೆದು ಕ್ಯಾಥೊಲಿಕ್ ಚರ್ಚಿಗೆ ಹೋದರೆ, ಸಾಲಿನಲ್ಲಿ ಕೊಡುವ ಸಣ್ಣ ರೊಟ್ಟಿಯನ್ನು ದೇವಸ್ಥಾನದ ಪ್ರಸಾದದಂತೆ ಕೈ ಚಾಚಿ ತೆಗೆದುಕೊಳ್ಳಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿ. ಕನ್ನಡ ಕ್ಯಾಥೊಲಿಕರು ಅದನ್ನು ಪರಮಪ್ರಸಾದ ಎನ್ನುತ್ತಾರೆ. ಅದು ಶಿಲುಬೆಯ ಬಲಿಯ ನೆನಪು, ದೀಕ್ಷೆ ಪಡೆದ ಕ್ಯಾಥೊಲಿಕರಿಗೆ ಮೀಸಲು. ಎದ್ದು ನಿಂತು ಗೌರವ ತೋರಿಸಿದರೆ ಸಾಕು.

ಕ್ರೈಸ್ತ ಕನ್ನಡಿಗರ ಮನೆಯವರು ಇದನ್ನು ಓದುತ್ತಿದ್ದರೆ ನಿಮಗೊಂದು ಕೋರಿಕೆ. ಈ ವರ್ಷ ಈಸ್ಟರ್ ಊಟಕ್ಕೆ ಒಂದು ಹಿಂದೂ ಅಥವಾ ಮುಸ್ಲಿಂ ಕನ್ನಡದ ಮನೆಯನ್ನು ಕರೆಯಿರಿ. ಶಿಲುಬೆ ನಿಮಗೆ ಏನು ಎಂಬುದನ್ನು ಮಕ್ಕಳು ನಿಮ್ಮ ಬಾಯಲ್ಲೇ, ಕನ್ನಡದಲ್ಲೇ ಕೇಳಲಿ. ಯಾವ ಲೇಖನವೂ ಅಷ್ಟು ಚೆನ್ನಾಗಿ ಹೇಳಲಾರದು.